ಕುಡುಕನ ನಾಲ್ಕನೆಯ ಮುಖ

ಕನ್ನಡ ವೃತ್ತಿರಂಗಭೂಮಿಯ ಚರಿತ್ರೆ ಬರೆಯುವವರು 1870ರ ದಶಕದ ಗದಗನ್ನು, ಅಲ್ಲಿ ಶಾಂತಕವಿಗಳು ಕಟ್ಟಿದ ನಾಟಕ ಮಂಡಳಿಯನ್ನು ನೆನೆಯದೆ ಮುಂದೆ ಹೋಗುವುದಿಲ್ಲ. ಆಮೇಲೆ ಬೆಳೆದ ಕಂಪನಿ ನಾಟಕಗಳಲ್ಲಿ ಕುಡುಕನಿಗೊಂದು ಕಾಯಂ ಜಾಗ ಸಿಕ್ಕಿತು. ತೂರಾಡುತ್ತ ಬರುತ್ತಾನೆ, ಹೆಂಡತಿಯಿಂದ ಬೈಸಿಕೊಳ್ಳುತ್ತಾನೆ, ಜನ ಬಿದ್ದುಬಿದ್ದು ನಗುತ್ತಾರೆ. ಮುಂಬೈ ಪ್ರಾಂತದ ಕಾಲದಲ್ಲಿ ಈ ಸೀಮೆಯ ಮೇಲೆ ನೆರಳು ಚಾಚಿದ್ದ ಮರಾಠಿ ರಂಗಭೂಮಿ ಕುಡುಕನನ್ನು ಗಂಭೀರವಾಗಿಯೂ ನೋಡಿತ್ತು. ಗಡಕರಿಯವರ ‘ಏಕಚ್ ಪ್ಯಾಲಾ’ (1919) ನಾಟಕದ ವಕೀಲ ಸುಧಾಕರ ಅವಮಾನ ಮರೆಯಲು ಒಂದೇ ಬಟ್ಟಲು ಎಂದು ಶುರುಮಾಡಿ ಮನೆಯನ್ನೇ ನಾಶಮಾಡುತ್ತಾನೆ. ಅಲ್ಲಿ ಕರುಣೆ ಇದೆ. ಆದರೆ ಕುಡುಕನಿಗೆ ಸಾವಿನ ಹೊರತು ಬೇರೆ ದಾರಿಯಿಲ್ಲ.

ನಮ್ಮ ಸಂಸ್ಕೃತಿ ಕುಡುಕನಿಗೆ ಕೊಟ್ಟ ಇನ್ನೆರಡು ಮುಖಗಳಿವೆ. ಒಂದು ಅನುಭಾವಿಯದು. ಲಕ್ಷ್ಮೇಶ್ವರಕ್ಕೆ ಹತ್ತಿರದ ಶಿಶುನಾಳದ ಶರೀಫರ ನೆಲದಲ್ಲಿ, ತತ್ವಪದ ಮತ್ತು ಸೂಫಿ ಪರಂಪರೆಗಳಲ್ಲಿ, ಅಮಲು ಮತ್ತು ಹುಚ್ಚು ದೊಡ್ಡ ರೂಪಕಗಳು. ಇನ್ನೊಂದು ಪಾಪಿಯದು, ಮಿಂಬರಿನಿಂದಲೂ ಪ್ರವಚನದ ವೇದಿಕೆಯಿಂದಲೂ ನಮಗೆ ಪರಿಚಯವಾದದ್ದು ಇದೇ. ನಗೆಗಾರ, ಅನುಭಾವಿ, ಪಾಪಿ: ಈ ಮೂರೂ ಮುಖಗಳ ನಡುವೆ ನಾಲ್ಕನೆಯದು, ರೋಗಿಯ ಮುಖ, ಕಾಣದೆ ಹೋಗಿದೆ. ಇದು ಬರೀ ಕಲೆಯ ಕೊರತೆಯಲ್ಲ. ಒಬ್ಬನನ್ನು ನಾವು ಏನೆಂದು ಕರೆಯುತ್ತೇವೆಯೋ ಅದರ ಮೇಲೆ ಅವನನ್ನು ಎಲ್ಲಿಗೆ ಕರೆದೊಯ್ಯುತ್ತೇವೆ ಎಂಬುದು ನಿಂತಿದೆ.

ಪಾಪಿ ಎಂದುಕೊಂಡಾಗ ನಾವು ಮಾಡುವುದು ಆಣೆ ಹಾಕಿಸುವುದು. ಇಳಕಲ್ಲಿನ ಡಾ. ಮಹಾಂತ ಸ್ವಾಮೀಜಿ ದಶಕಗಳ ಕಾಲ ಊರೂರಿಗೆ ಹೋಗಿ, ದುಶ್ಚಟಗಳನ್ನು ಜೋಳಿಗೆಗೆ ಹಾಕಿ ಎಂದು ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಸರ್ಕಾರ ವ್ಯಸನಮುಕ್ತ ದಿನವನ್ನಾಗಿ ಆಚರಿಸುತ್ತದೆ. ಆ ಕಾಳಜಿಗೆ ತಲೆಬಾಗಲೇಬೇಕು. ಆದರೆ ಆಣೆ ಹಾಕಿದ ಮೇಲೆ ಆ ಮನೆಯಲ್ಲಿ ನಡೆಯುವುದೇನು? ವರ್ಷಗಟ್ಟಲೆ ದಿನವೂ ವಿಪರೀತ ಕುಡಿದವನು ಒಮ್ಮೆಲೇ ಬಿಟ್ಟರೆ ಮೊದಲ ದಿನ ಕೈ ನಡುಗುತ್ತದೆ, ಬೆವರುತ್ತದೆ, ನಿದ್ದೆ ಹಾರಿಹೋಗುತ್ತದೆ. ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡನೆಯ, ಮೂರನೆಯ ದಿನಕ್ಕೆ ಕೆಲವರು ಇಲ್ಲದ ಹುಳುಗಳನ್ನು ಕಾಣುತ್ತಾರೆ, ಇಲ್ಲದವರ ಜೊತೆ ಮಾತಾಡುತ್ತಾರೆ. ಮನೆಯವರು ಗಾಳಿ ಹಿಡಿಯಿತೆಂದು ತಾಯಿತ ಕಟ್ಟಿಸಲು ಓಡುತ್ತಾರೆ. ಅದು ಗಾಳಿಯಲ್ಲ, ಜಿನ್ನ್ ಅಲ್ಲ. ಮದ್ಯ ನಿಂತ ಮಿದುಳಿನ ತಳಮಳ. ಚಿಕಿತ್ಸೆ ಸಿಗದಿದ್ದರೆ ಪ್ರಾಣಕ್ಕೇ ಕುತ್ತು. ವೈದ್ಯರ ಕಣ್ಣೆದುರು ಕೆಲವು ದಿನಗಳ ಔಷಧ ಮತ್ತು ಬಿ1 ಜೀವಸತ್ವ ಕೊಟ್ಟರೆ ದಾಟಬಹುದಾದ ಗಂಡಾಂತರ ಇದು. ಆಮೇಲೆ ಅವನು ಮತ್ತೆ ಕುಡಿದರೆ ಆಣೆ ಮುರಿದನೆಂದು ದೂರುತ್ತೇವೆ. ಸಕ್ಕರೆ ಕಾಯಿಲೆಯವನಿಗೆ ಸಕ್ಕರೆ ಏರಿದರೆ ಹಾಗೆನ್ನುತ್ತೇವೆಯೇ?

ನಮ್ಮ ಮೊಹಲ್ಲಾಗಳ ಕಷ್ಟ ಇನ್ನೂ ಸೂಕ್ಷ್ಮ. ಮದ್ಯ ಹರಾಮ್ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ‘ನಮ್ಮಲ್ಲಿ ಕುಡಿಯುವವರಿಲ್ಲ’ ಎಂಬ ಹೆಮ್ಮೆ ಕುಡಿತವನ್ನು ನಿಲ್ಲಿಸುವುದಿಲ್ಲ, ಕುಡಿಯುವವನನ್ನು ಬಚ್ಚಿಡುತ್ತದೆ. ಅವನ ಹೆಂಡತಿ ಯಾರ ಬಳಿಯೂ ಹೇಳಿಕೊಳ್ಳಲಾರಳು. ಅವಳ ಖಿನ್ನತೆ ತಲೆನೋವು, ಎದೆ ಡವಡವ ಎಂಬ ಹೆಸರಿನಲ್ಲಿ ಗುಳಿಗೆ ಅಂಗಡಿಗೆ ಹೋಗುತ್ತದೆ. ಬೆಟಗೇರಿಯ ನೇಕಾರನಿಗೂ ಮುಂಡರಗಿ ಸೀಮೆಯ ಮಳೆ ನಂಬಿದ ರೈತನಿಗೂ ಸಾಲ, ನಿದ್ದೆಗೇಡು, ಕುಡಿತ ಇವು ಒಂದಕ್ಕೊಂದು ಹೆಣೆದುಕೊಂಡೇ ಬರುತ್ತವೆ. 2007ರಲ್ಲಿ ಸಾರಾಯಿ ನಿಷೇಧವಾದರೂ ಕುಡಿತ ನಿಲ್ಲಲಿಲ್ಲ. ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮದ್ಯದ ಕಾಯಿಲೆಯಿದ್ದ 100 ಜನರಲ್ಲಿ ಸುಮಾರು 86 ಜನರಿಗೆ ಚಿಕಿತ್ಸೆ ದಕ್ಕಿರಲಿಲ್ಲ.

ಹಾಗೆಂದು ದರ್ಗಾ, ಮಠಗಳನ್ನು ಮೌಢ್ಯದ ತಾಣಗಳೆಂದು ತಳ್ಳಿಹಾಕುವುದು ಸುಲಭದ ವಿಚಾರವಾದ. ಲಕ್ಷ್ಮೇಶ್ವರದ ದೂದನಾನಾ ದರ್ಗಾ, ಹಿಂದೂ ಮುಸ್ಲಿಮರಿಬ್ಬರೂ ನಡೆದುಕೊಳ್ಳುವ ಶಿರಹಟ್ಟಿಯ ಫಕೀರೇಶ್ವರ ಮಠದಂಥ ಕಡೆ ನೊಂದವರು ನಾಚಿಕೆಯಿಲ್ಲದೆ ಹೋಗಬಲ್ಲರು. ಅಪಾಯವಿರುವುದು ದುವಾ ಒಂದೇ ಸಾಕೆಂದಾಗ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಹರಕೆ ನಂಬಿ ಬಂದವರನ್ನು ಇಟ್ಟುಕೊಳ್ಳುತ್ತಿದ್ದ ಖಾಸಗಿ ‘ಮನೆ’ಯೊಂದಕ್ಕೆ ಬೆಂಕಿ ಬಿದ್ದು 28 ಮಂದಿ ಸುಟ್ಟು ಸತ್ತರು. ಸರಪಳಿ ಬಿಗಿದಿದ್ದರಿಂದ ಅವರಿಗೆ ಓಡಲಾಗಲಿಲ್ಲ. ಏಳು ವರ್ಷಗಳ ನಂತರ ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ ಬೇರೆಯೇ ದಾರಿ ತೆರೆಯಿತು. ಮುಜಾವರರು ದುವಾ ಮಾಡಿ, ಅಲ್ಲೇ ಕೂತ ಮನೋವೈದ್ಯರ ಬಳಿ ದವಾಕ್ಕೆ ಕಳಿಸತೊಡಗಿದರು. ಇದು ನಮಗೆ ಹೊಸತೂ ಅಲ್ಲ. ಹತ್ತನೆಯ ಶತಮಾನಕ್ಕೂ ಮುಂಚೆ ಹುಟ್ಟಿದ ಅಬೂ ಝೈದ್ ಅಲ್ ಬಲ್ಖಿ ದೇಹದ ಆರೋಗ್ಯದ ಜೊತೆಗೇ ಮನಸ್ಸಿನ ಆರೋಗ್ಯದ ಬಗ್ಗೆಯೂ ಗ್ರಂಥ ಬರೆದಿದ್ದ.

ಔಷಧ ಊರಿಗೇ ಬರಬಲ್ಲದು ಎಂಬುದಕ್ಕೆ ಸಾಕ್ಷಿ ನಮ್ಮ ನೆರೆಯಲ್ಲೇ ಇದೆ. ಮುಂಡರಗಿಯಿಂದ ತುಂಗಭದ್ರೆ ದಾಟಿದರೆ ಹಳೆಯ ಬಳ್ಳಾರಿ ಜಿಲ್ಲೆ. 1980ರ ದಶಕದಲ್ಲಿ ನಿಮ್ಹಾನ್ಸ್ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮಾನಸಿಕ ಕಾಯಿಲೆ ಗುರುತಿಸಿ ಚಿಕಿತ್ಸೆ ಕೊಡುವುದನ್ನು ಕಲಿಸಿತು. 1996ರಲ್ಲಿ ದೇಶಕ್ಕೆ ಬಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇದೇ ಮಾದರಿ. ಆದರೂ ಮುಂಡರಗಿಯವರು ನೂರು ಕಿಲೋಮೀಟರ್ ಮೀರಿದ ಧಾರವಾಡದ ಆಸ್ಪತ್ರೆಯನ್ನೇ ನೆನೆಯುತ್ತಾರೆ. ಅದೂ ರೋಗಿಯನ್ನು ಕಟ್ಟಿ ಒಯ್ಯಬೇಕಾದ ಸ್ಥಿತಿ ಬಂದಮೇಲೆ.

ಕಾಲರಾ ಬಂದರೆ ಬಾವಿಗೆ ಔಷಧ ಹಾಕಿಸುವುದು ಊರಿನ ಕೆಲಸ. ಇದೂ ಹಾಗೆಯೇ ಊರಿನ ಕೆಲಸವಾಗಬೇಕು. ಆಣೆ ಹಾಕಿಸುವ ಮಠ, ಜಮಾಅತ್‌ಗಳು ಅದೇ ದಿನ ಆ ಮನುಷ್ಯನನ್ನು ತಾಲೂಕು ಆಸ್ಪತ್ರೆಗೆ ಕರೆದೊಯ್ಯಲಿ. ಅಂಜುಮನ್‌ಗಳು ಹೆಂಗಸರ ಮಾತು ಕೇಳುವ ಏರ್ಪಾಟು ಮಾಡಲಿ. ಸರ್ಕಾರದ ಉಚಿತ ಟೆಲಿ-ಮಾನಸ್ ಸಂಖ್ಯೆ 14416 ಮಸೀದಿಯ ಫಲಕದಲ್ಲೂ ಗುಡಿಯ ಗೋಡೆಯಲ್ಲೂ ಕಾಣಲಿ. ಜಾತ್ರೆಗೆ ನಾಟಕ ಬರೆಯುವವರು ಒಮ್ಮೆಯಾದರೂ ಆಣೆ ಹಾಕಿದವನ ಆ ಮೂರನೆಯ ದಿನವನ್ನು ರಂಗದ ಮೇಲೆ ತರಲಿ.