ಪೊಟ್ಟಣದ ಮೇಲಿನ ಅರ್ಧಸತ್ಯ

ಆಹಾರಶುದ್ಧಿಯ ವಿಷಯದಲ್ಲಿ ಜೈನ ಕುಟುಂಬಗಳ ಎಚ್ಚರ ಪ್ರಸಿದ್ಧವಾದದ್ದು. ಅಂಗಡಿಯಿಂದ ತಂದ ಪೊಟ್ಟಣವನ್ನು ತಿರುಗಿಸಿ ಹಸಿರು ಚುಕ್ಕೆಯನ್ನು ನೋಡುವುದು, ಈರುಳ್ಳಿ ಬೆಳ್ಳುಳ್ಳಿ ಬೆರೆತಿವೆಯೇ ಎಂದು ಪರೀಕ್ಷಿಸುವುದು ಅನೇಕ ಮನೆಗಳ ರೂಢಿ. ಆದರೆ ಅದೇ ಪೊಟ್ಟಣದ ಮೇಲೆ ‘ಆರೋಗ್ಯಕರ’ ಎಂಬ ಪದ ಕಂಡೊಡನೆ ಆ ಎಚ್ಚರ ಸಡಿಲವಾಗುತ್ತದೆ. ಸಕ್ಕರೆ ಮನೆಯೊಳಗೆ ಬರುವುದು ಆ ಪದದ ಮರೆಯಲ್ಲಿ.

ಪೊಟ್ಟಣದ ಬರಹವನ್ನೂ ಒಂದು ಕೃತಿಯಂತೆ ವಿಮರ್ಶಿಸಿದರೆ ಅದರ ಚಾತುರ್ಯ ತಿಳಿಯುತ್ತದೆ. ಘಟಕಾಂಶಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ನಮೂದಿಸಬೇಕೆಂಬುದು ನಿಯಮ. ಸಿಹಿಯೆಲ್ಲವೂ ಸಕ್ಕರೆ ಎಂಬ ಒಂದೇ ಹೆಸರಿನಲ್ಲಿದ್ದರೆ ಅದು ಪಟ್ಟಿಯ ಮೇಲೆಯೇ ನಿಲ್ಲಬೇಕಾದೀತು. ಅದನ್ನೇ ಸಕ್ಕರೆ, ದ್ರವ ಗ್ಲೂಕೋಸ್, ಇನ್ವರ್ಟ್ ಸಿರಪ್, ಡೆಕ್ಸ್‌ಟ್ರೋಸ್, ಹಣ್ಣಿನ ಸಾಂದ್ರರಸ ಎಂದು ಹಂಚಿದರೆ ಒಂದೊಂದೂ ಕೆಳಗಿಳಿದು, ಓಟ್ಸ್ ಅಥವಾ ಗೋಧಿ ಅಗ್ರಸ್ಥಾನ ಪಡೆಯುತ್ತದೆ. ಬರೆದ ಯಾವ ಪದವೂ ಸುಳ್ಳಲ್ಲ. ಓದುವವರ ಮನಸ್ಸಿನಲ್ಲಿ ಮೂಡುವ ಅರ್ಥ ಮಾತ್ರ ಸುಳ್ಳು.

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ನೀಡಿದ ಮಾರ್ಗಸೂಚಿಯಂತೆ, ದಿನದ ಒಟ್ಟು ಶಕ್ತಿಯಲ್ಲಿ ಮುಕ್ತ ಸಕ್ಕರೆಯ ಪಾಲು ಶೇಕಡಾ 10ಕ್ಕಿಂತ ಕಡಿಮೆ ಇರಬೇಕು. 5ಕ್ಕಿಂತ ಕಡಿಮೆಯಾದರೆ ಇನ್ನೂ ಒಳಿತು. 2000 ಕ್ಯಾಲೊರಿ ಆಹಾರಕ್ಕೆ ಇದು ಕ್ರಮವಾಗಿ 50 ಮತ್ತು 25 ಗ್ರಾಂ. ಹಣ್ಣಿನ ರಸ, ಪಾಕ, ಜೇನು ಇವುಗಳಲ್ಲಿರುವ ಸಕ್ಕರೆಯೂ ಈ ಲೆಕ್ಕಕ್ಕೆ ಸೇರುತ್ತದೆ. ಇಡೀ ಹಣ್ಣಿನದು ಸೇರುವುದಿಲ್ಲ. ‘ಸಕ್ಕರೆ ಸೇರಿಸಿಲ್ಲ’ ಎಂದು ಬರೆದ ರಸದಲ್ಲಿ 100 ಮಿಲಿಲೀಟರಿಗೆ 12 ಗ್ರಾಂ ಸಕ್ಕರೆಯಿದ್ದರೆ, 200 ಮಿಲಿಲೀಟರಿನ ಒಂದೇ ಡಬ್ಬಿಯಲ್ಲಿ 24 ಗ್ರಾಂ, ಅಂದರೆ ಸುಮಾರು ಆರು ಟೀ ಚಮಚದಷ್ಟು, ಮಗುವಿನ ಹೊಟ್ಟೆ ಸೇರುತ್ತದೆ.

ಆಡಳಿತವೂ ಈ ಶಬ್ದಜಾಲವನ್ನು ಗಮನಿಸಿದೆ. 2006ರ ಆಹಾರ ಸುರಕ್ಷತಾ ಕಾಯಿದೆಯಲ್ಲಿ ‘ಆರೋಗ್ಯ ಪೇಯ’ ಎಂಬ ವ್ಯಾಖ್ಯೆಯೇ ಇಲ್ಲವೆಂಬ ಕಾರಣದಿಂದ, ಬೋರ್ನ್‌ವಿಟಾ ಮೊದಲಾದ ಪೇಯಗಳನ್ನು ಆ ವರ್ಗದಿಂದ ತೆಗೆಯುವಂತೆ ಕೇಂದ್ರ ವಾಣಿಜ್ಯ ಸಚಿವಾಲಯ 2024ರ ಏಪ್ರಿಲ್‌ನಲ್ಲಿ ಅಂತರ್ಜಾಲ ಮಾರಾಟ ಸಂಸ್ಥೆಗಳಿಗೆ ಸೂಚಿಸಿತು. ಅದೇ ವರ್ಷದ ಜೂನ್‌ನಲ್ಲಿ, ಸಾಂದ್ರರಸಕ್ಕೆ ನೀರು ಬೆರೆಸಿ ಸಿದ್ಧಪಡಿಸಿದ ಪಾನೀಯಗಳ ಮೇಲಿಂದ ‘ಶೇಕಡಾ 100 ಹಣ್ಣಿನ ರಸ’ ಎಂಬ ಘೋಷಣೆಯನ್ನು ಅಳಿಸುವಂತೆ ಆಹಾರ ಸುರಕ್ಷತಾ ಪ್ರಾಧಿಕಾರ ಆದೇಶಿಸಿತು.

ಕಾನೂನಿಗೆ ವಿರುದ್ಧವಾಗಿ ಏನನ್ನೂ ಬರೆದಿಲ್ಲವೆಂದು ತಯಾರಕರು ವಾದಿಸಬಹುದು. ಆದರೆ ಧರ್ಮದ ಅಳತೆಗೋಲು ಅಷ್ಟಕ್ಕೇ ನಿಲ್ಲುವುದಿಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಚೌರ್ಯವ್ರತದ ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರವನ್ನು, ಅಂದರೆ ಒಂದನ್ನು ಮತ್ತೊಂದರಂತೆ ತೋರಿಸಿ ಮಾರುವುದನ್ನು, ಎಣಿಸಿದೆ. ಸಕ್ಕರೆಯನ್ನು ಆರೋಗ್ಯವೆಂದು ಮಾರುವ ವ್ಯಾಪಾರ ಈ ಮಾತಿನಿಂದ ನುಣುಚಿಕೊಳ್ಳುವುದು ಕಷ್ಟ. ಕೊಳ್ಳುವವರಿಗೂ ಇಲ್ಲೊಂದು ಪಾಠವಿದೆ. ‘ಸಕ್ಕರೆಗೆ ಬದಲಾಗಿ’ ಎಂದು ಜೇನು ಬೆರೆಸಿದ ತಿನಿಸಿನ ಮೇಲೂ ಹಸಿರು ಚುಕ್ಕೆಯೇ ಇರುತ್ತದೆ. ಮಧುತ್ಯಾಗವನ್ನು ಮೂಲಗುಣವೆಂದು ಪಾಲಿಸುವ ಶ್ರಾವಕರು ಚುಕ್ಕೆಯನ್ನಷ್ಟೇ ನಂಬಿದರೆ ಆರೋಗ್ಯದೊಡನೆ ವ್ರತಕ್ಕೂ ಭಂಗ ಬರುತ್ತದೆ.

ಬಸದಿಯ ಪಾಠಶಾಲೆಗಳಲ್ಲಿ, ಶಿಬಿರಗಳಲ್ಲಿ ಮಕ್ಕಳಿಗೆ ರಸದ ಡಬ್ಬಿಯನ್ನೂ ಸಿಹಿ ಬಿಸ್ಕತ್ತನ್ನೂ ಹಂಚುವ ಆಡಳಿತ ಮಂಡಳಿಗಳು ಖರೀದಿಗೆ ಮುನ್ನ ಪೊಟ್ಟಣದ ಹಿಂಬದಿಯನ್ನು ಓದುವುದು ಅವಶ್ಯಕ. ಬಾಳೆಹಣ್ಣು, ಹುರಿಗಡಲೆ, ಸೋಸಿದ ನೀರು ಇವುಗಳಿಗೆ ಘಟಕಾಂಶಗಳ ಪಟ್ಟಿಯೇ ಬೇಕಿಲ್ಲ. ವಿವೇಕವೆಂಬುದು ತಟ್ಟೆಗೆ ಬಡಿಸುವ ಮೊದಲೇ, ಅಂಗಡಿಯ ಕಟ್ಟೆಯ ಮುಂದೆಯೇ ಜಾಗೃತವಾಗಬೇಕಾದ ಗುಣ.