ಕೋವಿಯ ಮೇಲಿನ ಹೆಸರು

ನಮ್ಮ ಡಮ್ ಡಮ್‌ನ ಶಸ್ತ್ರಾಗಾರದಲ್ಲಿ 1890ರ ದಶಕದಲ್ಲಿ ರೂಪುಗೊಂಡ, ಮೈಯೊಳಗೆ ಅರಳಿ ಸೀಳುವ ಗುಂಡಿಗೆ ಈ ಊರಿನ ಹೆಸರೇ ಅಂಟಿತು. 1899ರ ಹೇಗ್ ಘೋಷಣೆ ಅಂತಹ ಗುಂಡುಗಳನ್ನು ನಿಷೇಧಿಸಿತು. ಹೆಸರು ಅಂಟಿದ್ದನ್ನು ಊರಿಗೆ ಸಂದ ಗೌರವವೆಂದು ಯಾರೂ ಬಗೆಯರು. ಅಮೆರಿಕದಲ್ಲಿ ಮಾತ್ರ, ಅಪಾಚೆ ನಾಯಕ ಜೆರೊನಿಮೊನ ಗೌರವಾರ್ಥವೆಂದು ಕೆತ್ತನೆಯ ರೈಫಲನ್ನೇ ಮಾಡಿ ಮಾರಿದ್ದಾರೆ. ಕುಸುರಿ ಅಂದವಾಗಿಯೇ ಇರಲಿ. 1886ರಲ್ಲಿ ಶರಣಾದ ಆತನು 1909ರಲ್ಲಿ ಫೋರ್ಟ್ ಸಿಲ್‌ನಲ್ಲಿ ಮಡಿದಾಗಲೂ ಯುದ್ಧಕೈದಿಯೇ ಆಗಿದ್ದನಷ್ಟೆ!

ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿಗಾಗಿ ಸಿದ್ಧವಾದ ಕೋವಿಗಳ ಮೇಲೂ ಅಲಂಕಾರವುಂಟು: ಹುಲಿಮುಖ, ಹುಲಿಪಟ್ಟೆ. ಆದರೆ ಅದು ಒಡೆಯನು ತಾನೇ ಆಯ್ದುಕೊಂಡ ಲಾಂಛನ. ಜೆರೊನಿಮೊನ ರೈಫಲಿಗೆ ಸರಿಯಾದ ಜೋಡಿ ಆ ಕೋವಿಯಲ್ಲ, 1799ರ ಗೆಲುವಿನ ನೆನಪಿಗೆ ಈಸ್ಟ್ ಇಂಡಿಯಾ ಕಂಪನಿ ಅಚ್ಚುಹಾಕಿಸಿದ ಪದಕ. ಅಲ್ಲಿಯೂ ಹುಲಿಯನ್ನು ಬಲು ಚೆಲುವಾಗಿ ಬಿಡಿಸಿದ್ದಾರೆ. ಸಿಂಹವು ಅದನ್ನು ಕೆಡವಿ ಮೇಲೆ ನಿಂತಿದೆ.