ಲೆಕ್ಕದ ಪುಸ್ತಕಕ್ಕೆ ಕನ್ನ

ಕನ್ನ ಹಾಕುವ ಕಥೆಗಳನ್ನು ಹುಡುಕಿ ಹುಡುಕಿ ಓದುವ ನನ್ನಂಥವರಿಗೆ ಒಂದು ಚಾಳಿಯಿದೆ. ನಾಯಕ ಯಾರು, ನಾಯಕಿ ಯಾರು ಎಂದು ನೋಡುವ ಮೊದಲು ಕದಿಯಲು ಹೊರಟಿರುವುದೇನು ಎಂದು ನೋಡುತ್ತೇವೆ. ವಜ್ರವಾದರೆ ಅರ್ಧ ಆಸಕ್ತಿ ಅಲ್ಲಿಗೇ ಇಳಿಯುತ್ತದೆ. ವಜ್ರಕ್ಕೆ ಬೆಲೆ ಬಿಟ್ಟರೆ ಹೇಳಿಕೊಳ್ಳಲು ಬೇರೇನೂ ಇರುವುದಿಲ್ಲ. ಹಫ್ಸಾ ಫೈಜಲ್ ಅವರ ‘ಎ ಟೆಂಪೆಸ್ಟ್ ಆಫ್ ಟೀ’ (2024) ಕಾದಂಬರಿಯಲ್ಲಿ ಕದಿಯಬೇಕಾದ ಮಾಲು ಒಂದು ಲೆಡ್ಜರು, ಲೆಕ್ಕದ ಪುಸ್ತಕ. ಕಿವಿ ನೆಟ್ಟಗಾದವು.

ಹದಿಹರೆಯದವರಿಗೆಂದು ಬರೆದ ಫ್ಯಾಂಟಸಿ ಇದು. ದೇಶದ ಹೆಸರು ಎಟ್ಟೇನಿಯಾ, ರಾಜಧಾನಿ ವೈಟ್ ರೋರಿಂಗ್. ಹೆಸರು ಬದಲಾದರೇನು, ಮಂಜು ಮುಸುಕಿದ ಬೀದಿಗಳಲ್ಲಿ ಎರಡು ಹೆಜ್ಜೆ ಇಡುವಷ್ಟರಲ್ಲಿ ಇದು ವಿಕ್ಟೋರಿಯಾ ಕಾಲದ ಲಂಡನ್ ಎಂದು ಗೊತ್ತಾಗುತ್ತದೆ. ಸೆಲಾನ್ ಎಂಬ ದ್ವೀಪದಿಂದ, ಹೆತ್ತವರನ್ನು ಕಳೆದುಕೊಂಡು ಬಂದ ಆರ್ಥಿ ಕ್ಯಾಸಿಮಿರ್ ಇಲ್ಲಿ ಸ್ಪಿಂಡ್ರಿಫ್ಟ್ ಎಂಬ ಟೀ ಅಂಗಡಿ ನಡೆಸುತ್ತಾಳೆ. ಹಗಲು ದೊಡ್ಡ ಮನುಷ್ಯರಿಗೆ ಟೀ. ಕತ್ತಲಾದ ಮೇಲೆ ವ್ಯಾಂಪೈರುಗಳಿಗೆ ರಕ್ತ. ದಾಳಿಯ ಸುಳಿವು ಸಿಕ್ಕರೆ ಇಡೀ ಮನೆ ಮತ್ತೆ ಸಂಭಾವಿತ ಟೀ ಅಂಗಡಿಯಾಗಿ ಕುಳಿತಿರುತ್ತದೆ, ಒಳಬಂದ ಪೇದೆ ಒಂದು ಕಪ್ ಟೀ ಕುಡಿದು ಹೋಗಬೇಕು ಅಷ್ಟೆ. ಅಂಗಡಿಗೇ ಸಂಚಕಾರ ಬಂದಾಗ ಆರ್ಥಿ ಒಂದು ಒಪ್ಪಂದಕ್ಕೆ ಒಪ್ಪುತ್ತಾಳೆ: ವ್ಯಾಂಪೈರುಗಳ ಭದ್ರಕೋಟೆಯಾದ ಅಥೇರಿಯಮ್ ಒಳಹೊಕ್ಕು, ಮುಖವಾಡ ತೊಟ್ಟು ದೇಶವಾಳುವ ‘ರ‍್ಯಾಮ್’ನ ಬಂಡವಾಳ ಬಯಲು ಮಾಡುವ ಆ ಲೆಡ್ಜರನ್ನು ಎತ್ತಿ ತರುವುದು.

ತಂಡ ಕಟ್ಟುವ ಭಾಗ ಈ ಜಾತಿಯ ಕಥೆಗಳಲ್ಲಿ ನನಗೆ ಅಚ್ಚುಮೆಚ್ಚು. ಇಲ್ಲಿ ಅದು ಸೊಗಸಾಗಿಯೇ ಇದೆ. ಕೊಡೆ ಬಿಡದ ಜಿನ್, ಖೋಟಾ ದಾಖಲೆ ಮಾಡುವ ಫ್ಲಿಕ್, ಚಿತ್ರ ಬರೆಯುವ ವ್ಯಾಂಪೈರು ಮಟ್ಟೆಯೋ, ಸರ್ಕಾರದ ಕಡೆಯವನೋ ಅಲ್ಲವೋ ತಿಳಿಯದ ಕ್ಯಾಪ್ಟನ್ ಲೈತ್. ಲೀ ಬಾರ್ಡುಗೋ ಅವರ ‘ಸಿಕ್ಸ್ ಆಫ್ ಕ್ರೋಸ್’ (2015) ಹಾಕಿಕೊಟ್ಟ ದಾರಿ ಎದ್ದು ಕಾಣುತ್ತದೆ. ಕನ್ನದ ಕಥೆಗೊಂದು ಹಳೆಯ ಕಟ್ಟಳೆಯಿದೆ: ಓದುಗನಿಗೆ ಮೊದಲೇ ಪೂರ್ತಿ ತಿಳಿಸಿದ ಯೋಜನೆ ಕೆಡಲೇಬೇಕು, ಬಚ್ಚಿಟ್ಟದ್ದು ಫಲಿಸಬೇಕು. ಫೈಜಲ್ ಅದನ್ನು ಮೀರುವುದಿಲ್ಲ. ಆದರೆ ಒಬ್ಬರನ್ನೊಬ್ಬರು ಓರೆಗಣ್ಣಲ್ಲಿ ನೋಡುವುದರಲ್ಲೇ ಪುಟಗಳು ಕಳೆಯುತ್ತವೆ. ಬೀಗ ಒಡೆಯುವುದಕ್ಕಿಂತ ಎದೆ ಬಡಿತದ ವಿವರವೇ ಜಾಸ್ತಿ. ಹದಿನಾರರ ಓದುಗರಿಗೆ ಅದು ಬೇಕೇನೋ. ನನಗೆ ಬೀಗದ ವಿವರ ಬೇಕಿತ್ತು.

ಮೆಚ್ಚಲೇಬೇಕಾದ ಕೈಚಳಕ ಬೇರೆಡೆ ಇದೆ. ಆರ್ಥಿಯ ಕೈಯಲ್ಲಿರುವ ಪಿಸ್ತೂಲು ಅವಳು ಕಲ್ಲಿನಿಂದ ಎಳೆದುಕೊಂಡದ್ದು, ಹೆಸರು ಕ್ಯಾಲಿಬೋರ್. ಕಲ್ಲಿನಿಂದ ಕತ್ತಿ ಎಳೆದವನೇ ರಾಜನೆಂಬ ಆರ್ಥರನ ಐತಿಹ್ಯ ಇಂಗ್ಲಿಷರಿಗೆ ಕುಲಪುರಾಣವಿದ್ದಂತೆ. ಅದನ್ನೇ ವಸಾಹತಿನ ಅನಾಥ ಹುಡುಗಿಯೊಬ್ಬಳು ಸದ್ದಿಲ್ಲದೆ ಎತ್ತಿಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಾಳೆ. ಕಾದಂಬರಿಯ ಮೊದಲ ಕಳವು ಇದೇ, ಲೆಡ್ಜರಿಗಿಂತ ಚೆನ್ನಾಗಿ ನಡೆದ ಕಳವೂ ಇದೇ.

ಇನ್ನು ವ್ಯಾಂಪೈರು. 1819ರಲ್ಲಿ ಪ್ರಕಟವಾದ ಪೊಲಿಡೋರಿಯ ಕಥೆಯಲ್ಲಿ ಅವನು ಲಂಡನ್ನಿನ ಸಭೆ ಸಮಾರಂಭಗಳಲ್ಲಿ ಓಡಾಡುವ ಶ್ರೀಮಂತ. 1897ರ ‘ಡ್ರಾಕುಲಾ’ದಲ್ಲಿ ಪೂರ್ವದಿಂದ ಹಡಗಿನಲ್ಲಿ ಬಂದು, ಲಂಡನ್ನಿನಲ್ಲಿ ಮನೆ ಕೊಂಡು, ಅಲ್ಲಿನವರ ರಕ್ತ ಹೀರುವ ಪರದೇಶಿ. ತಾವು ಬೇರೆ ನಾಡುಗಳಿಗೆ ಮಾಡಿದ್ದನ್ನೇ ಯಾರೋ ಬಂದು ತಮಗೆ ಮಾಡಿಬಿಟ್ಟರೆ ಎಂಬ ಸಾಮ್ರಾಜ್ಯದ ದಿಗಿಲನ್ನು ವಿಮರ್ಶಕರು ಅದರಲ್ಲಿ ಕಂಡದ್ದುಂಟು. ಫೈಜಲ್ ಅವರ ಲೋಕದಲ್ಲಿ ರಕ್ತ ಕುಡಿಯುವವರೇ ಎಷ್ಟೋ ವಾಸಿ; ಸ್ಪಿಂಡ್ರಿಫ್ಟ್‌ನಲ್ಲಿ ಕೊಡುವವರು ಒಪ್ಪಿ ಕೊಡುತ್ತಾರೆ. ಒಪ್ಪಿಗೆ ಕೇಳದೆ ಹೀರುವುದು ಈಸ್ಟ್ ಜೀವಂಟ್ ಕಂಪನಿ. ಅದರ ಯಜಮಾನಿ ಫ್ಲಿಕ್‌ಳ ತಾಯಿ.

ಈ ಕಂಪನಿಯ ಮೂಲ ಯಾವುದೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಫೈಜಲ್ ಬಳಸದೆ ಬಿಟ್ಟ ಒಂದು ಸಂಗತಿ ಮಾತ್ರ ಹೇಳಲೇಬೇಕು. 1600ರಲ್ಲಿ ಹುಟ್ಟಿದ ಈಸ್ಟ್ ಇಂಡಿಯಾ ಕಂಪನಿಯ ಕೈಯಿಂದ 1833ರ ಕಾನೂನು ವ್ಯಾಪಾರವನ್ನೇ ಕಿತ್ತುಕೊಂಡಿತು. ಚೀನಾದ ಟೀ ಮೇಲಿನ ಏಕಸ್ವಾಮ್ಯವೂ ಆಗಲೇ ಹೋಯಿತು. 1858ರಲ್ಲಿ ಆಡಳಿತ ರಾಣಿಯ ಪಾಲಾಯಿತು. ವ್ಯಾಪಾರವಿಲ್ಲ, ರಾಜ್ಯವಿಲ್ಲ, ಸೈನ್ಯವಿಲ್ಲ. ಆದರೂ ಷೇರುದಾರರಿಗೆ ವರ್ಷಕ್ಕೆ ಶೇ. 10.5ರಂತೆ ಲಾಭಾಂಶ ತಪ್ಪಲಿಲ್ಲ. 60 ಲಕ್ಷ ಪೌಂಡ್ ಬಂಡವಾಳದ ಮೇಲೆ ವರ್ಷಕ್ಕೆ 6,30,000 ಪೌಂಡ್, ಭಾರತದ ಕಂದಾಯದಿಂದ. 1874ರ ಜೂನ್ 1ರಂದು ಕಂಪನಿಯನ್ನು ವಿಧಿವತ್ತಾಗಿ ಮುಗಿಸುವತನಕ ಹೀಗೇ ನಡೆಯಿತು. ಸತ್ತ ಮೇಲೂ ಎದ್ದು ಬಂದು ರಕ್ತ ಕುಡಿಯುವುದೆಂದರೆ ಇದಲ್ಲದೆ ಇನ್ನೇನು? ಮರುವರ್ಷ, 1875ರಲ್ಲಿ, ಭಾರತ ಸಚಿವ ಲಾರ್ಡ್ ಸಾಲ್ಸ್‌ಬರಿ ಕಂದಾಯದ ಬಗ್ಗೆ ಬರೆದ ಟಿಪ್ಪಣಿಯಲ್ಲಿ, ಭಾರತದ ರಕ್ತ ತೆಗೆಯಬೇಕಾದ್ದೇ ಆದ್ದರಿಂದ ರಕ್ತ ತುಂಬಿದ ಕಡೆ ಚುಚ್ಚಬೇಕು, ಸೊರಗಿದ ಕಡೆ ಅಲ್ಲ ಎಂಬರ್ಥದ ಮಾತು ಬರುತ್ತದೆ. ದಾದಾಭಾಯಿ ನವರೋಜಿ ಅದನ್ನು ಬಿಡದೆ ಎತ್ತಿ ಆಡಿದರು. ಕಾದಂಬರಿಕಾರ್ತಿ ಇಂಥದ್ದನ್ನು ಕಲ್ಪಿಸಿ ಬರೆದಿದ್ದರೆ ಅತಿಯಾಯಿತು ಎನ್ನುತ್ತಿದ್ದೆವು.

ಲೆಡ್ಜರೇ ಸರಿಯಾದ ಮಾಲು ಎನ್ನುವುದೂ ಇದಕ್ಕಾಗಿ. ಕಂಪನಿ ಲೂಟಿಯನ್ನೂ ಲೆಕ್ಕ ಬರೆದೇ ಮಾಡಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಕೊಳ್ಳೆಯನ್ನು ಪಾಲು ಹಾಕಲು ಅಧಿಕಾರಿಗಳೇ ನೇಮಕವಾದರು. ದರ್ಜೆಗೆ ತಕ್ಕ ಪಾಲು. ಹಂಚಿಕೆಗೆ ಅನುಕೂಲವಾಗಲೆಂದು ಟಿಪ್ಪುವಿನ ಸಿಂಹಾಸನವನ್ನೇ ತುಂಡು ಮಾಡಿದರು. ಅದರ ದೊಡ್ಡ ಹುಲಿಯ ತಲೆ, ಹುಮಾ ಹಕ್ಕಿ ಇಂಗ್ಲೆಂಡಿನ ಅರಮನೆಗೆ ಸೇರಿದವು. ಪುಟ್ಟ ಹುಲಿ ತಲೆಯೊಂದು ವೇಲ್ಸ್‌ನ ಪೋವಿಸ್ ಕೋಟೆಯಲ್ಲಿದೆ. ಕಂಪನಿ ಮತ್ತು ಅದರ ನಂತರದ ಇಂಡಿಯಾ ಆಫೀಸಿನ ಕಾಗದ ಪತ್ರಗಳು ಇವತ್ತು ಬ್ರಿಟಿಷ್ ಲೈಬ್ರರಿಯಲ್ಲಿ ಸುಮಾರು 14 ಕಿಲೋಮೀಟರ್ ಉದ್ದದ ಕಪಾಟುಗಳನ್ನು ತುಂಬಿವೆ. ಎಷ್ಟೋ ಪುಟಗಳು ಅವರದೇ ಕೈಬರಹದಲ್ಲಿ, ಅಂಕಣ ಎಳೆದು, ಕೂಡಿ ಕಳೆದು. ಒಂದು ಪುಸ್ತಕ ಹೊರಬಿದ್ದರೆ ಒಂದು ಗದ್ದುಗೆ ಅಲುಗಾಡುತ್ತದೆ ಎಂಬುದನ್ನು ನಂಬಲು ಫ್ಯಾಂಟಸಿ ಬೇಕಿಲ್ಲ.

ತಕರಾರು ಒಂದಿದೆ, ಸಣ್ಣದಲ್ಲ. ಸೆಲಾನ್ ಇಡೀ ಪುಸ್ತಕದಲ್ಲಿ ಆರ್ಥಿಯ ನೆನಪಿನಲ್ಲಷ್ಟೇ ಇದೆ. ಟೀ ಕುದಿಯುತ್ತದೆ, ಘಮಘಮಿಸುತ್ತದೆ, ಅಧ್ಯಾಯಕ್ಕೊಮ್ಮೆ ಬಟ್ಟಲಿಗೆ ಇಳಿಯುತ್ತದೆ. ಕಿತ್ತ ಕೈಗಳೇ ಕಾಣುವುದಿಲ್ಲ. ನಿಜವಾದ ಸಿಲೋನಿನಲ್ಲಿ ಜೇಮ್ಸ್ ಟೇಲರ್ 1867ರಲ್ಲಿ ಲೂಲೆಕಂದುರದ 19 ಎಕರೆಯಲ್ಲಿ ಟೀ ಹಾಕಿದ. 1869ರಲ್ಲಿ ಎಲೆಗೆ ತುಕ್ಕುರೋಗ ಬಂದು ಕಾಫಿ ತೋಟಗಳು ನೆಲಕಚ್ಚಿದವು, ಜಾಗವನ್ನೆಲ್ಲ ಟೀ ಹಿಡಿಯಿತು. ಕೆಲಸಕ್ಕೆ ತಮಿಳುನಾಡಿನ ಬರಪೀಡಿತ ಹಳ್ಳಿಗಳಿಂದ ಕುಟುಂಬ ಕುಟುಂಬಗಳೇ ಹೋದವು. ದೇಶ ಸ್ವತಂತ್ರವಾದ 1948ರಲ್ಲೇ ಬಂದ ಪೌರತ್ವ ಕಾಯಿದೆ ಅವರಲ್ಲಿ ಬಹುಪಾಲು ಜನರನ್ನು ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತು. ಬೆಟ್ಟದ ಇಳಿಜಾರಿನಲ್ಲಿ ಬುಟ್ಟಿ ಹೊತ್ತ ಒಬ್ಬ ಹೆಂಗಸಿಗೆ ಒಂದೇ ಒಂದು ಅಧ್ಯಾಯ ಕೊಟ್ಟಿದ್ದರೆ ಆರ್ಥಿಯ ಸಿಟ್ಟಿಗೆ ಇನ್ನಷ್ಟು ತೂಕ ಬರುತ್ತಿತ್ತು. ಈಗ ಆ ಸಿಟ್ಟನ್ನು ನಾವು ಅವಳ ಮಾತಿನ ಮೇಲೆ ನಂಬಬೇಕು.

ಎರಡನೆಯ ಮತ್ತು ಕೊನೆಯ ಭಾಗ ‘ಎ ಸ್ಟೀಪಿಂಗ್ ಆಫ್ ಬ್ಲಡ್’ 2025ರಲ್ಲಿ ಬಂದಿದೆ. ಮೊದಲ ಭಾಗ ಏನೊಂದನ್ನೂ ಇತ್ಯರ್ಥ ಮಾಡದೆ ನಡುದಾರಿಯಲ್ಲಿ ಕೈಬಿಡುತ್ತದೆ. ಓದುವವರು ಎರಡನ್ನೂ ಒಟ್ಟಿಗೇ ತರಿಸಿಕೊಳ್ಳಿ. ನಡುವೆ ಆರು ತಿಂಗಳು ಬಿಟ್ಟರೆ ಯಾರು ಯಾರ ಕಡೆಯವರು ಎಂಬುದೇ ಮರೆತುಹೋಗಿ ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.